ನೀಮಾಳ ಮೂವತ್ತು ಫಾರ್ಮುಗಳು

ಬೆಳಿಗ್ಗೆ ನಳ ಬರುವುದರೊಳಗೆ ಎದ್ದು ಹಂಡೆ ತೊಳೆದೆ, ನೀರು ತುಂಬಿದೆ. ಹಾಲು ಕಾಯಿಸಿದೆ. ಕಟ್ಟಿದ್ದ ಮೊಳಕೆ ಹೆಸರುಕಾಳನ್ನು ಬಿಚ್ಚಿ ನೋಡಿದೆ. ಇನ್ನೂ ಅರ್ಧ ದಿನ ಬೇಕಿತ್ತು, ಮತ್ತೆ ಕಟ್ಟಿಟ್ಟೆ. ಶೇಂಗಾ ಹುರಿದು, ಸಿಪ್ಪೆ ತೂರಿ, ಚಟ್ನಿ ಕುಟ್ಟಿದೆ. ಮನೆಯವರ ಎರಡು ಅಂಗಿಗೆ ಗುಂಡಿ ಹಚ್ಚಿದೆ. ಒಂದು ಅಂಗಿಗೆ ಬಿಳಿ ಗುಂಡಿ ಸಿಗದೆ ಕೆನೆ ಬಣ್ಣದ್ದು ಹಚ್ಚಿದೆ, ಅವರು ಅದನ್ನು ಕಂಡುಹಿಡಿಯುವವರಲ್ಲ. ಎರಡು ಗಂಟೆಗೆ ಬಟ್ಟೆ ಒಣಹಾಕುತ್ತಿರುವಾಗ ಬಾಜೂ ಮನೆಯವರು ಗೋಡೆಯ ಮೇಲಿಂದ ಕೇಳಿದರು.

"ಊಟ ಆತೇನ್ರಿ?"

"ಆತ್ರಿ. ನಿಮ್ದು?"

"ನಮ್ದೂ ಈಗ ಆತ್ರಿ."

ಆಗಿರಲಿಲ್ಲ. ಅವರ ಮನೆಯ ಕುಕ್ಕರ್ ಇನ್ನೂ ಸೀಟಿ ಹೊಡೆಯುತ್ತಿತ್ತು, ನನ್ನ ತಾಟು ಇನ್ನೂ ಗೋಡೆಯ ಮಾಡದಲ್ಲಿ ಮಗುಚಿಕೊಂಡೇ ಇತ್ತು. ಇದನ್ನು ಸುಳ್ಳು ಎಂದು ಯಾರೂ ಅನ್ನುವುದಿಲ್ಲ. ನೀವೂ ಸಾವಿರ ಸಲ ಹೀಗೆ ಹೇಳಿದ್ದೀರಿ. ಕೇಳಿದವರಿಗೆ ಬೇಕಾದದ್ದು ನಮ್ಮ ಹೊಟ್ಟೆಯ ಲೆಕ್ಕವಲ್ಲ. ನಾವು ಅವರನ್ನು ಕಂಡೆವು, ಅವರು ನಮ್ಮನ್ನು ಕಂಡರು, ಅಷ್ಟೇ. ಆದರೆ ಇದೇ ಮಾತಿನಿಂದ ಒಮ್ಮೆ ಒಬ್ಬ ಹೆಣ್ಣುಮಗಳ ಓದು ನಿಂತುಹೋಗುವುದರಲ್ಲಿತ್ತು. ತಪ್ಪು ನನ್ನದು.

ಎರಡು ಸಾವಿರನೇ ಇಸವಿಯ ಆಸುಪಾಸಿನ ಮಾತು. ಬೆಳಗಾವಿಯ ಒಂದು ಸಂಸ್ಥೆಯಲ್ಲಿ ಪರದೇಶದ ವಿದ್ಯಾರ್ಥಿಗಳಿಗೆಂದು ಐದು ತಿಂಗಳ ಒಂದು ವರ್ಗ ನಡೆಯುತ್ತಿತ್ತು. ಅದರ ಹೆಸರು ಪೂರ್ವಸಿದ್ಧತಾ ವರ್ಗ. ನಾವು ಕೆಲಸದವರೆಲ್ಲ ಅನ್ನುತ್ತಿದ್ದದ್ದು ಫಾರಿನ್ ಕ್ಲಾಸ್. ತಮ್ಮ ದೇಶದಲ್ಲಿ ಪದವಿ ಮುಗಿಸಿ ಇಲ್ಲಿ ಎಂ.ಎಸ್ಸಿ. ಓದಲು ಬಂದವರು ಮೊದಲು ಇದರಲ್ಲಿ ಕೂಡಬೇಕು. ಇಂಗ್ಲಿಷಿನಲ್ಲಿ ಪ್ರಬಂಧ ಬರೆಯುವುದು, ಗ್ರಂಥಾಲಯದಲ್ಲಿ ಪುಸ್ತಕ ಹುಡುಕುವುದು, ಸ್ವಲ್ಪ ಸಂಖ್ಯಾಶಾಸ್ತ್ರ, ಕೊನೆಗೆ ಹಳ್ಳಿಗೆ ಹೋಗಿ ಮಾಡುವ ಒಂದು ಸಣ್ಣ ಅಧ್ಯಯನ. ಹೊರಗಿನಿಂದ ಬಂದ ಪರೀಕ್ಷಕರು ಆ ಅಧ್ಯಯನವನ್ನು ಒಪ್ಪಿದರೆ ಎಂ.ಎಸ್ಸಿ.ಗೆ ಸೀಟು. ಒಪ್ಪದಿದ್ದರೆ ಬಂದ ದಾರಿ.

ನಾನು ಅಲ್ಲಿ ಏನಾಗಿದ್ದೆ ಎಂದು ಇವತ್ತಿಗೂ ಖಚಿತವಾಗಿ ಹೇಳಲಾರೆ. ಹಾಜರಿ ಪುಸ್ತಕದಲ್ಲಿ 'ಸಹಾಯಕಿ' ಎಂದಿತ್ತು. ಬಂದವರಿಗೆ ಬಾಡಿಗೆ ಖೋಲಿ ತೋರಿಸುತ್ತಿದ್ದೆ, ಪೊಲೀಸ್ ಕಚೇರಿಯಲ್ಲಿ ಹೆಸರು ನೋಂದಾಯಿಸಲು ಜೊತೆಗೆ ಹೋಗುತ್ತಿದ್ದೆ, ಬಜಾರದಲ್ಲಿ ಉಪಯೋಗಕ್ಕೆ ಬೀಳುವಷ್ಟು ಕನ್ನಡ ಕಲಿಸುತ್ತಿದ್ದೆ, ಹಳ್ಳಿಗಳಲ್ಲಿ ದುಭಾಷಿಯಾಗುತ್ತಿದ್ದೆ. ಬಿ.ಎ. ಎರಡನೇ ದರ್ಜೆಯವಳು ನಾನು. ಹತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದು ಬಂದವರಿಗೆ "ಹೀಗೆ ಹೇಳಬೇಕು, ಹಾಗಲ್ಲ" ಎಂದು ತಿದ್ದುತ್ತಿದ್ದೆ. ಆ ಗತ್ತು ನೆನೆದರೆ ಈಗ ನಗು ಬರುತ್ತದೆ.

ನೀಮಾ ಟಾಂಜಾನಿಯಾದವಳು, ಜಿಲ್ಲಾ ಆಸ್ಪತ್ರೆಯ ದಾದಿ. ಎತ್ತರದ, ನಿಧಾನ ಮಾತಿನ ಹುಡುಗಿ. ಓದಿಗೆಂದು ಆಸ್ಪತ್ರೆಯವರು ರಜೆ ಕೊಟ್ಟಿದ್ದರು, ಆದರೆ ಒಂದೇ ಸಲ. ಸೀಟು ಸಿಗದೆ ಹಿಂದಿರುಗಿದರೆ ಮರುದಿನದಿಂದಲೇ ಕೆಲಸಕ್ಕೆ ಹಾಜರಾಗಬೇಕು, ಮತ್ತೆ ರಜೆ ಕೇಳುವ ಹಾಗಿಲ್ಲ. ಇದನ್ನು ಅವಳು ಮೊದಲನೇ ವಾರದಲ್ಲೇ, ತರಕಾರಿ ಆರಿಸುತ್ತ, ಹವೆಯ ಸುದ್ದಿ ಹೇಳಿದಂತೆ ಹೇಳಿದ್ದಳು.

ಅವಳು ಆಯ್ದುಕೊಂಡ ವಿಷಯ: ಹೊಲದಲ್ಲಿ ದುಡಿಯುವ ತಾಯಂದಿರು ದಿನಕ್ಕೆ ಎಷ್ಟು ಸಲ, ಏನು ಉಣ್ಣುತ್ತಾರೆ? ಮೂವತ್ತು ಮನೆ, ಮೂವತ್ತು ಫಾರ್ಮು. ಖಾನಾಪುರ ತಾಲೂಕಿನ ಬೀಡಿ ನನ್ನ ತವರು. "ನಮ್ಮೂರಿಗೇ ಹೋಗೋಣ, ಎಲ್ಲರೂ ನನಗೆ ಗೊತ್ತಿದ್ದವರು" ಎಂದೆ. ನಮ್ಮ ದೊಡ್ಡ ಮೇಡಂ, ಅಂದರೆ ವರ್ಗದ ಮುಖ್ಯಸ್ಥೆ, ಕೂಡಲೇ ಒಪ್ಪಿದರು. ಗೊತ್ತಿದ್ದವರಿದ್ದರೆ ಕೆಲಸ ಸಲೀಸು ಎಂದೇ ಎಲ್ಲರ ಎಣಿಕೆ.

ಬೀಡಿಯಲ್ಲಿ ಅವಳಿಗೆ ಸಿಕ್ಕ ಸ್ವಾಗತ ನನಗೆ ಎಂದೂ ಸಿಕ್ಕಿರಲಿಲ್ಲ. ನೀಮಾ ಎಂಬುದು ನನ್ನ ಅವ್ವನ ಬಾಯಲ್ಲಿ ನೀಲಮ್ಮ ಆಯಿತು. ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಬಾರವ್ವ ನೀಲಮ್ಮ, ಕುಂದರು. ಇಷ್ಟ ಸಣ್ಣ ಸಣ್ಣ ಹೆರಳು ಯಾರ ಹಾಕ್ಯಾರ ನಿನಗ? ಅವರಿಗಿ ಬ್ಯಾರೆ ಕೆಲಸ ಇರಲಿಲ್ಲೇನು?" ಎಂದಳು. ನಮ್ಮ ವೈನಿ, ಅಣ್ಣನ ಹೆಂಡತಿ, ಬಾಗಿಲ ಹಿಂದೆ ನಿಂತು ಸೆರಗಿನಲ್ಲಿ ನಗುತ್ತಿದ್ದಳು. ಆ ದಿನ ಬದನೆಕಾಯಿ ಎಣ್ಣಿಗಾಯಿ ಮಾಡಿದ್ದಳು. ಎಣ್ಣಿಗಾಯಿಯಲ್ಲಿ ವೈನಿಯ ಕೈಯನ್ನು ಮೀರಿಸುವವರು ನಮ್ಮ ಓಣಿಯಲ್ಲಿಲ್ಲ. ನಾನು ಎರಡು ಸಲ ಹಾಕಿಸಿಕೊಂಡೆ.

"ನೀನೂ ಕುಂದರ ವೈನಿ."

"ನಂದ ಆತು ತಂಗಿ. ನೀ ಉಣ್ಣು."

ನಾಲ್ಕು ದಿನ ಹೋಗಿಬಂದು ಮೂವತ್ತು ಮನೆ ಮುಗಿಸಿದೆವು. ಕಾಗದಗಳನ್ನು ಮೇಡಂ ಮುಂದೆ ಇಟ್ಟೆವು. ಅವರು ಹತ್ತು ಹಾಳೆ ತಿರುವಿದರು, ಕನ್ನಡಕ ತೆಗೆದರು.

"ಎಲ್ಲಾರೂ ಉಂಡಾರ. ಮುಂಜಾನೆ ಉಂಡಾರ, ಮಧ್ಯಾಹ್ನ ಉಂಡಾರ. ರೊಟ್ಟಿ, ಪಲ್ಯ, ಅನ್ನ, ಸಾರು. ಮೂವತ್ತು ಮನಿಯೊಳಗೂ ಇದ! ಇದು ಅಧ್ಯಯನ ಅಲ್ರೀ, ಮದವಿ ಪಂಕ್ತಿ. ಪರೀಕ್ಷಕರು ಒಂದ ನಿಮಿಷಕ್ಕ ಹರದ ಒಗೀತಾರ."

ಪರೀಕ್ಷೆಗೆ ಎರಡು ವಾರವಿತ್ತು.

ನೀಮಾ ಅಳಲಿಲ್ಲ. ಮರುದಿನ ಬೆಳಿಗ್ಗೆ ಆರಕ್ಕೇ ನನ್ನ ಮನೆಯ ಬಾಗಿಲಲ್ಲಿ ನಿಂತಿದ್ದಳು: ಮತ್ತೆ ಹೋಗೋಣ. ಹೋಗಿ ಏನು ಮಾಡುವುದೆಂದು ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಖಾನಾಪುರದಲ್ಲಿ ಇಳಿದು ಬೀಡಿಯ ಬಸ್ಸಿಗೆ ಕಾಯುತ್ತಿದ್ದೆವು. ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಮಾರುವ ಮರಾಠಿ ಅಜ್ಜಿಯೊಬ್ಬಳು ನನಗೆ ಮುಖಪರಿಚಯ. ಹಣ್ಣು ಕೊಳ್ಳುತ್ತ ರೂಢಿಯಂತೆ ಕೇಳಿದೆ, "ಜೇವಣ ಝಾಲಂ ಕಾ ಆಜಿ?" ಊಟ ಆಯಿತೇ ಅಜ್ಜಿ ಎಂದು. ಅಜ್ಜಿ "ಝಾಲಂ ಬಾಯಿ, ಝಾಲಂ" ಎಂದಳು. ಎನ್ನುತ್ತಲೇ ಬುಟ್ಟಿಯ ಹಿಂದಿನಿಂದ ಅರಿವೆಯ ಗಂಟು ತೆಗೆದು, ಬಿಚ್ಚಿ, ಜೋಳದ ಭಾಕರಿಯ ಮೊದಲ ತುತ್ತು ಮುರಿದಳು.

"ಅಕ್ಕ, ನೀನು ಏನು ಕೇಳಿದೆ?" ಎಂದಳು ನೀಮಾ. ನಮ್ಮಿಬ್ಬರದು ಇಂಗ್ಲಿಷ್ ಮಾತು, ಅಕ್ಕ ಎಂಬುದೊಂದು ಕನ್ನಡ.

"ಊಟ ಆಯಿತೇ ಎಂದು."

"ಅವಳು ಏನೆಂದಳು?"

"ಆಯಿತು ಎಂದಳು."

ನೀಮಾ ಅಜ್ಜಿಯ ಕೈಯಲ್ಲಿದ್ದ ತುತ್ತನ್ನು ನೋಡಿದಳು, ನನ್ನನ್ನು ನೋಡಿದಳು. "ಮೂವತ್ತು ಮನೆಯಲ್ಲೂ ನೀನು ಕೇಳಿದ್ದು ಇದನ್ನೇ?"

ಇದನ್ನೇ. ಫಾರ್ಮಿನಲ್ಲಿ ಇದ್ದದ್ದು, ಬೆಳಗಿನಿಂದ ನೀವು ಏನೇನು ತಿಂದಿರಿ, ಯಾವಾಗ ತಿಂದಿರಿ ಎಂದು. ಹೊಸ್ತಿಲಲ್ಲಿ ನಿಂತು ನನ್ನ ಬಾಯಿಂದ ಬಂದದ್ದು "ಊಟ ಆತೇನ್ರಿ?" ಅವರು "ಆತ್ರಿ" ಎಂದರು. ಏನು ಮಾಡಿದ್ದಿರಿ ಎಂದರೆ ಮನೆಯಲ್ಲಿ ಬೇಯಿಸಿದ್ದನ್ನೆಲ್ಲ ಹೇಳಿದರು. ಊರ ಮಗಳು ತವರಿಗೆ ಬಂದು ನಿಂತಾಗ, ನನ್ನ ತಾಟಿಗೆ ಏನೂ ಉಳಿಯಲಿಲ್ಲ ಎಂದು ಯಾರು ಹೇಳುತ್ತಾರೆ? ನಾನು ಅವರನ್ನು ಬಲ್ಲೆ ಎಂಬುದೇ ಅಡ್ಡಗಾಲಾಗಿತ್ತು.

ಬಸ್ಸಿನಲ್ಲಿ ನೀಮಾ ಹೊಸ ಫಾರ್ಮು ಮಾಡಿದಳು. ಅದರಲ್ಲಿ ಪ್ರಶ್ನೆಯೇ ಇರಲಿಲ್ಲ. ರೊಟ್ಟಿ ಬುಟ್ಟಿ, ಪಲ್ಯದ ಬೋಗುಣಿ, ಅನ್ನದ ಪಾತ್ರೆ, ಸಾರಿನ ಚರಿಗೆ, ಇವುಗಳ ಚಿತ್ರ ಬರೆದಳು. ಎಲ್ಲರಿಗಿಂತ ಕೊನೆಗೆ ಉಣ್ಣುವವಳು ಕುಳಿತಾಗ ಯಾವುದರಲ್ಲಿ ಎಷ್ಟಿತ್ತೋ ಅಷ್ಟಕ್ಕೆ ಗೆರೆ ಹೊಡೆಯುವುದು. ಆಮೇಲೆ ನನ್ನಿಂದ ಮೂರು ಮಾತು ಬಾಯಿಪಾಠ ಮಾಡಿಕೊಂಡಳು: "ಕಡೀಕ ಯಾರು ಉಂಡ್ರಿ? ಇದರಾಗ ಎಷ್ಟಿತ್ತು? ಇದರಾಗ?"

ಬೀಡಿಯಲ್ಲಿ ಇಳಿದ ಮೇಲೆ ಹೇಳಿದಳು, "ಅಕ್ಕ, ನೀನು ಒಳಗೆ ಬರಬೇಡ."

ನನಗೆ ಚುರುಕ್ಕೆಂದಿತು. ನನ್ನ ಊರು, ನನ್ನ ಓಣಿ, ನನ್ನ ಮಂದಿ. ಆದರೂ ಕಟ್ಟೆಯ ಮೇಲೆ ಕುಳಿತೆ. ಪ್ರತಿ ಮನೆಯ ಮುಂದೆಯೂ ಕುಳಿತೆ. ಒಳಗಿನಿಂದ ಪಾತ್ರೆಯ ಮುಚ್ಚಳ ಎತ್ತುವ ಸಪ್ಪಳ, ನೀಮಾಳ "ಇದರಾಗ?", ಹೆಂಗಸರ ನಗು. "ಖಾಲಿ ಇತ್ತವ್ವಾ, ಬುಡ ಕೆರಕೊಂಡ ಉಂಡೇನಿ, ಬರಕೋ!" ದಾರಿಯಲ್ಲಿ ಹೋಗುವವರು ನನ್ನನ್ನು ಕೇಳಿದರು, "ಯಾಕಬೇ, ಹೊರಗ ಕುಂತಿ? ಒಳಗ ಬಿಟ್ಟಿಲ್ಲೇನು?"

ಕೊನೆಯ ದಿನ ಹಿಂದಿರುಗುವಾಗ ಬಸ್ಸಿನಲ್ಲಿ ಫಾರ್ಮುಗಳನ್ನು ಜೋಡಿಸುತ್ತಿದ್ದೆ. ಅವುಗಳ ನಡುವೆ ನಮ್ಮ ಮನೆಯದು ಬಂತು. ರೊಟ್ಟಿ ಬುಟ್ಟಿಯಲ್ಲಿ ಎರಡು ಗೆರೆ. ಪಲ್ಯದ ಬೋಗುಣಿ ಖಾಲಿ, ಅನ್ನದ ಪಾತ್ರೆ ಖಾಲಿ. ಬದಿಯಲ್ಲಿ, ಬಜಾರದ ಕನ್ನಡದಲ್ಲೂ ಕೈಸನ್ನೆಯಲ್ಲೂ ತಿಳಿದುಕೊಂಡದ್ದು, ನೀಮಾಳ ಅಕ್ಷರದಲ್ಲಿ: 'ಖಾರದ ಪುಡಿ, ನೀರು ಮಜ್ಜಿಗೆ. ಗಂಡನ ತಂಗಿ ಊಟಕ್ಕೆ ಬಂದ ದಿನ ಹೀಗೆ.'

ಎರಡು ಸಲ ಹಾಕಿಸಿಕೊಂಡ ಎಣ್ಣಿಗಾಯಿ ನೆನಪಾಯಿತು. ಅದೊಂದೇ ಅಲ್ಲ, ಮದುವೆಯಾಗಿ ಹನ್ನೆರಡು ವರ್ಷ ತವರಿಗೆ ಹೋದಾಗಲೆಲ್ಲ ಉಂಡದ್ದು.

"ಇದೊಂದನ್ನು ತೆಗೆದುಬಿಡಲೇ?" ಎಂದಳು ನೀಮಾ. ನನ್ನ ಮುಖ ನೋಡಿದ್ದಳೆಂದು ಕಾಣುತ್ತದೆ. ಮೂವತ್ತು ಇರಲೇಬೇಕೆಂದು ಮೇಡಂ ಕಟ್ಟುನಿಟ್ಟಾಗಿ ಹೇಳಿದ್ದರು.

"ಇರಲಿ" ಎಂದೆ.

ಪರೀಕ್ಷೆಯ ದಿನ ಧಾರವಾಡದ ಕಡೆಯ ಹಿರಿಯರೊಬ್ಬರು ಬಂದಿದ್ದರು. ನಾನು ಚಹಾ ಕೊಟ್ಟು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಹಳೆಯ ಮೂವತ್ತು, ಹೊಸ ಮೂವತ್ತು, ಎರಡನ್ನೂ ನೀಮಾ ಮೇಜಿನ ಮೇಲೆ ಇಟ್ಟಿದ್ದಳು. ಪರೀಕ್ಷಕರು ಅಕ್ಕಪಕ್ಕ ಹಿಡಿದು ನೋಡಿದರು. ಅವೇ ಮನೆಗಳು, ಒಂದು ವಾರದ ಅಂತರ. ಮೊದಲು ಎಲ್ಲರೂ ಉಂಡಿದ್ದಾರೆ, ಈಗ ಅರ್ಧದಷ್ಟು ಮನೆಗಳಲ್ಲಿ ಪಾತ್ರೆ ಖಾಲಿ. ಇವುಗಳಲ್ಲಿ ಯಾವುದನ್ನು ಮನೆಗಳಿಗೆ ಹೋಗದೆ ಕುಳಿತಲ್ಲೇ ಬರೆದೆ ಎಂದು ಇಂಗ್ಲಿಷಿನಲ್ಲಿ ಕೇಳಿದರು.

ನೀಮಾ ಹೇಳಿದಳು, "ಮೊದಲ ಸಲ ನನ್ನ ಪ್ರಶ್ನೆ ಸರಿಯಿರಲಿಲ್ಲ, ಸರ್."

ನನ್ನ ಹೆಸರು ಎತ್ತದೆ ಅಷ್ಟಕ್ಕೇ ನಿಲ್ಲಿಸಿದಳು. ಪರೀಕ್ಷಕರು ಲೇಖನಿಯ ಟೊಪ್ಪಿಗೆ ಹಾಕಿದರು. ಅವರು ಹಾಳೆಗಳನ್ನು ಬದಿಗೆ ಸರಿಸುವುದನ್ನು ಕಂಡು ನಾನು ಎದ್ದು ನಿಂತೆ.

"ಪ್ರಶ್ನಿ ಸರೀನ ಇತ್ರಿ ಸರ. ಕೇಳಿದಾಕಿ ನಾನು. ನಾನು ಎಲ್ಲಾರಿಗೂ 'ಊಟ ಆತೇನ್ರಿ' ಅಂತ ಕೇಳಿಬಿಟ್ಟೆ."

ಮೇಡಂ ನನ್ನತ್ತ ತಿರುಗಿ ನೋಡಿದ ನೋಟ ಈಗಲೂ ಕಣ್ಣ ಮುಂದಿದೆ. ಪರೀಕ್ಷಕರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಗಂಟೆ ಒಂದೂವರೆ ದಾಟಿತ್ತು.

"ಹೌದೇನ್ರಿ ಬಾಯಾರ? ಅದಿರಲಿ, ನಿಮ್ಮದು ಊಟ ಆತೇನು?"

"ಆತ್ರಿ ಸರ" ಎಂದೆ.

ಬೆಳಿಗ್ಗೆಯಿಂದ ಅರ್ಧ ಕಪ್ ಚಹಾದ ಮೇಲಿದ್ದೆ. ಮಾತು ಬಾಯಿ ದಾಟಿದ ಮೇಲೆ ತಿಳಿಯಿತು. ನಾನು ಬೆಳಿಗ್ಗೆಯಿಂದ ಅಲ್ಲಿಂದ ಕದಲಿಲ್ಲವೆಂದು ಬಲ್ಲ ಮೇಡಂ ಮೊದಲು ನಕ್ಕರು, ಆಮೇಲೆ ಪರೀಕ್ಷಕರು. ಲೇಖನಿಯ ಟೊಪ್ಪಿಗೆ ಮತ್ತೆ ತೆಗೆದರು. ನಗು ಮುಗಿದ ಮೇಲೆ ನೀಮಾಳನ್ನು ಮುಕ್ಕಾಲು ಗಂಟೆ ಬಿಡದೆ ಕೇಳಿದರು: ಗೆರೆ ಹೇಗೆ ಎಣಿಸಿದೆ, ಕೊನೆಗೆ ಉಣ್ಣುವವಳೇ ಏಕೆ, ನಿನ್ನ ದೇಶದಲ್ಲಿ ಹೇಗೆ? ಅವಳು ನಿಧಾನವಾಗಿ ಎಲ್ಲಕ್ಕೂ ಉತ್ತರ ಕೊಟ್ಟಳು. ಅವಳಿಗೆ ಸೀಟು ಸಿಕ್ಕಿತು.

ಎರಡು ವರ್ಷ ಓದಿ ಊರಿಗೆ ಹೋದಳು. ಕೆಲವು ವರ್ಷ ಕಾಗದ ಬರುತ್ತಿತ್ತು, ಆಮೇಲೆ ನಿಂತಿತು. ನಾನೂ ಬರೆಯುವುದನ್ನು ನಿಲ್ಲಿಸಿದ್ದೆ ಅನ್ನಿ.

ಇವತ್ತು ಸಂಜೆಯ ಬಸ್ಸಿಗೆ ವೈನಿ ಬಂದಿದ್ದಾಳೆ, ನಾಳೆ ಕಣ್ಣು ತೋರಿಸಬೇಕು. ಬಂದವಳೇ ಸೆರಗು ಸಿಕ್ಕಿಸಿ ಒಲೆಯ ಕಡೆ ನಡೆದಳು. ಆ ಫಾರ್ಮಿನ ಸುದ್ದಿಯನ್ನು ನಾನು ಅವಳಿಗೆ ಎಂದೂ ಹೇಳಿಲ್ಲ, ಅವಳೂ ಎತ್ತಿಲ್ಲ. ಕೈಹಿಡಿದು ತಂದು ಮಣೆಯ ಮೇಲೆ ಕೂರಿಸಿದೆ.

"ಬಿಡ ತಂಗಿ, ನಂದು ಹಿಂದಾಗಡೆ ಆಗ್ತದ. ಮೊದಲ ಅವರಿಗಿ ನೀಡು."

"ಅವರು ಬಂದಾಗ ಬರ್ತಾರ. ಬಿಸಿ ಐತಿ, ನೀ ಮೊದಲ ಉಣ್ಣು."

ಸ್ವಲ್ಪ ಹೊತ್ತು ತಾಟನ್ನು ನೋಡುತ್ತ ಕುಳಿತಿದ್ದಳು, ಯಾರೋ ಬೈಯುತ್ತಾರೆ ಎಂಬಂತೆ. ಆಮೇಲೆ ಉಂಡಳು. ಎರಡನೇ ಸಲ ಪಲ್ಯ ಹಾಕುವಾಗ ಕೈ ಅಡ್ಡ ಹಿಡಿಯಲಿಲ್ಲ.

ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಕೊನೆಗೆ ಒಂದಿಷ್ಟು ಅನ್ನ ಸಾರು. ನಾನು ಮತ್ತು ಮನೆಯವರು ಆಮೇಲೆ ಉಂಡೆವು. ನಾವು ಕೈ ತೊಳೆಯುವ ಹೊತ್ತಿಗೆ ವೈನಿ ಮಲಗಿಬಿಟ್ಟಿದ್ದಳು, ಎಲ್ಲರಿಗಿಂತ ಮೊದಲು.