ಬೆನ್ನಿಗೆ ಬೆನ್ನು ಕೊಟ್ಟು ಆಡಿದ ಮಾತು

ಅಣ್ಣ ವಿನೋಬನಗರದಲ್ಲಿ, ನಾನು ವಿದ್ಯಾನಗರದಲ್ಲಿ. ಆಟೋ ಹತ್ತಿದರೆ ಮುಗಿಯುವ ದಾರಿ. ಆದರೆ ತನ್ನ ಹೊಸ ಮನೆಯ ಪ್ರವೇಶಕ್ಕೆ ದಿನ ಗೊತ್ತುಮಾಡುವಾಗ ಅವನು ನನ್ನನ್ನು ಒಂದು ಮಾತು ಕೇಳಲಿಲ್ಲವೆಂದು ನಾವು ಮಾತು ಬಿಟ್ಟು ವರ್ಷಗಳಾಗಿದ್ದವು. ನಮ್ಮ ಕಡೆ ಮಾತು ಬಿಡುವುದೆಂದರೆ ಪೂರ್ತಿ ಬಿಡುವುದಲ್ಲ, ನಡುವೆ ಒಬ್ಬರನ್ನು ಇಟ್ಟುಕೊಳ್ಳುವುದು. ಮದುವೆ ಮನೆಗಳಲ್ಲಿ ನಾನು ಎದುರಿಗೇ ನಿಂತಿದ್ದರೂ ಅಣ್ಣ ನನ್ನ ಹೆಂಡತಿಗೆ, "ಅವನಿಗೆ ಹೇಳವ್ವಾ, ಊಟಕ್ಕ ಏಳ್ಲಿ" ಅನ್ನುತ್ತಿದ್ದ. "ಹಸಿವಿಲ್ಲ ಅಂತ ಹೇಳು" ಅಂತ ನಾನು. ಹಸಿವಿರುತ್ತಿತ್ತು.

ಹೀಗಿರುವಾಗ, ಪರ್ಫಾರ್ಮೆನ್ಸ್ ಆರ್ಟ್ ಅಂತ, ಬಂದವರನ್ನೇ ಕೂಡಿಸಿ ಪ್ರದರ್ಶನ ಕಟ್ಟುವ ಕಲೆ ಹಚ್ಚಿಕೊಂಡಿದ್ದ ಅಣ್ಣನ ಮಗಳು ತನ್ನ ಪ್ರಯೋಗಕ್ಕೆಂದು ನನ್ನನ್ನು ಹರಿಹರದ ಹೊಳೆದಂಡೆಗೆ ಕರೆದಳು. ಮಾತು ಹೊಕ್ಕುಳಲ್ಲಿ ಹುಟ್ಟುತ್ತದಂತೆ, ಅಲ್ಲಿ ಅದು ಪರಾ. ಎದೆಗೆ ಬಂದರೆ ಪಶ್ಯಂತಿ, ಗಂಟಲಿಗೆ ಬಂದರೆ ಮಧ್ಯಮಾ, ಬಾಯಿಂದ ಹೊರಬಿದ್ದದ್ದು ವೈಖರಿ. ನಾವು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಗುರುತಿಲ್ಲದವರ ಬೆನ್ನಿಗೆ ಬೆನ್ನು ಕೊಟ್ಟು, ಬಾಯಿ ಮುಚ್ಚಿ ಹೊಕ್ಕುಳಿಂದ 'ಮ್' ಅನ್ನಬೇಕು.

"ನಿಮ್ಮಪ್ಪ ಬರ್ತಾನೇನು?"

"ಚಿಕ್ಕಪ್ಪಾ, ನಿಮಗೆ ಗುಡ್ ಮಾರ್ನಿಂಗ್ ಮೆಸೇಜಿನಾಗೂ ಹುನ್ನಾರ ಕಾಣ್ತೈತೆ. ಸುಮ್ನೆ ಕೂಡ್ರಿ."

ಕೂತೆ. ಅಗಲವಾದ ಬೆನ್ನೊಂದು ಬಂದು ಒರಗಿತು. ಸ್ವಲ್ಪ ಹೊತ್ತಿಗೆ ನನ್ನ ಬೆನ್ನುಮೂಳೆ ಗುಂಯ್ ಅನ್ನತೊಡಗಿತು. ಹಾರ್ಟ್ ಅಟ್ಯಾಕ್ ಹೀಗೇ ಶುರುವಾಗುತ್ತದೇನೋ ಎಂದು ಬೆವತೆ. ಆಮೇಲೆ ತಿಳಿಯಿತು, ಆ ಸದ್ದು ಹಿಂದಿನವನದು. ಬೆಳಗಿನ ಲಿಂಗಪೂಜೆಗೆ ಕೂತಾಗ ಮೂಗಿನಲ್ಲಿ ಹೀಗೆ ಗುನುಗುತ್ತಿದ್ದವನು ನಮ್ಮ ಮನೆಯಲ್ಲಿ ಒಬ್ಬನೇ. ಎದ್ದುಹೋಗೋಣವೆಂದರೆ ಅವನು ಪೂರಾ ಭಾರ ಬಿಟ್ಟು ಒರಗಿದ್ದ. ನಾನು ಎದ್ದರೆ ಅಂಗಾತ ಬೀಳುತ್ತಿದ್ದ.

ಕಣ್ಣಿನ ಬಟ್ಟೆ ಬಿಚ್ಚಿದಾಗ ಅಣ್ಣ ನನ್ನನ್ನು ನೋಡಿ ಬೆಚ್ಚಲಿಲ್ಲ. ಇದು ಅಪ್ಪ-ಮಗಳ ಹುನ್ನಾರವೆಂಬ ಅನುಮಾನ ಬಲವಾಯಿತು. ಅವನು ಮಗಳ ಕಡೆ ತಿರುಗಿ, "ನಿಮ್ಮ ಚಿಕ್ಕಪ್ಪಗ ಹೇಳವ್ವಾ, ಬೆನ್ನು ಬಾಗೈತೆ, ಡಾಕ್ಟರಿಗೆ ತೋರಿಸ್ಲಿ" ಅಂದ.

ಅವಳು ತುಟಿಗೆ ಬೆರಳಿಟ್ಟು, ಮುಂದಿನ ಜೋಡಿಯ ಕಡೆ ನಡೆದುಬಿಟ್ಟಳು.

ಈಗ ನಡುವೆ ಯಾರೂ ಇರಲಿಲ್ಲ. ಹೊಳೆಗೆ ಹೇಳೋಣವೆಂದರೆ ಅದು ನಿಂತು ಕೇಳುವ ಪೈಕಿಯಲ್ಲ. ಹೊಕ್ಕುಳಲ್ಲಿ ಎದ್ದ ಮಾತು ಮಧ್ಯಮಾದ ತನಕ ಬಂದು ಅಲ್ಲೇ ನಿಂತಿತು.

"ಯಾವ ಡಾಕ್ಟ್ರು?" ಅಂದೆ, ಅವನಿಗೇ.

"ನನಗ ಗೊತ್ತಿರೋರು ಅದಾರೆ. ನಾಳೆ ಮನಿಗೆ ಬಾ, ನಾನೇ ಕರ್ಕೊಂಡು ಹೋಗ್ತೀನಿ," ಅಂದ, ನನಗೇ.

ಇಷ್ಟು ಸಲೀಸಾಗಿ ಅಂದನೆಂದರೆ ಮೊದಲೇ ಬಾಯಿಪಾಠ ಮಾಡಿಕೊಂಡು ಬಂದಿದ್ದನೋ ಏನೋ. ಆದರೂ ಮರುದಿನ ಬೇಗ ಸ್ನಾನ ಮುಗಿಸಿದೆ.