ಕೈಮೇಲೆ ಒತ್ತಿದ ಬಳ್ಳಿ

ಬಟ್ಟೆಗೆ ಅಚ್ಚೊತ್ತುವ ಕಾರ್ಖಾನೆಯಲ್ಲಿ ಅವಳ ಕೈಗೆ ಒಳ್ಳೆಯ ಹೆಸರಿತ್ತು. ಮರದ ಅಚ್ಚನ್ನು ಬಣ್ಣದ ತಟ್ಟೆಗೆ ಮುಟ್ಟಿಸಿ, ಬಟ್ಟೆಯ ಮೇಲಿಟ್ಟು, ಅಂಗೈಯ ಬುಡದಿಂದ ಗುದ್ದುತ್ತ ಹೋದರೆ ಒಂದು ಎಲೆ ಮುಗಿದಲ್ಲಿಂದಲೇ ಇನ್ನೊಂದು ಎಲೆ ಹೊರಡುತ್ತಿತ್ತು. ಜೋಡಿಸಿದ ಜಾಗ ಹುಡುಕಿ ತೋರಿಸಿ ಎಂದು ಅವಳೇ ಸವಾಲು ಹಾಕುತ್ತಿದ್ದಳು. ಹೊಗಳಿಸಿಕೊಳ್ಳುವುದೆಂದರೆ ಅವಳಿಗೆ ಬಲು ಇಷ್ಟ.

ನಾದಿನಿಯ ಮದುವೆಗೆಂದು ಶಾಲಿನ ಅಂಚಿಗೆ ಬಳ್ಳಿ ಒತ್ತಿಕೊಟ್ಟಳು. ಅದನ್ನು ಹೊದ್ದು ನೋಡಿದ ಹುಡುಗಿ, ಇದೇ ಬಳ್ಳಿ ಕೈಮೇಲೂ ಬೇಕೆಂದು ಹಟ ಹಿಡಿದಳು. ಅದಕ್ಕೇನಂತೆ ಎಂದು ಅತ್ತಿಗೆ ಚಿಕ್ಕ ಅಚ್ಚೊಂದನ್ನು ತೊಳೆದು ತಂದಳು. ಬೀದಿಯ ತಿರುವಿನಲ್ಲಿ ಕೂರುವ ಮುದುಕಿಯಿಂದ ಅರೆದ ಮದರಂಗಿಯೂ ಬಂತು. ಮೊದಲು ತನ್ನ ತೋಳಿನ ಮೇಲೇ ಒತ್ತಿ, ಒಣಗಿಸಿ, ತೊಳೆದು ನೋಡಿದಳು. ಬಣ್ಣ ಹಳೇ ಇಟ್ಟಿಗೆಯ ಹಾಗೆ ಮಂಕು. ಗಂಡಿನ ಕಡೆಯವರ ಮುಂದೆ ಇದು ಎದ್ದು ಕಾಣುವುದಿಲ್ಲ ಅನ್ನಿಸಿತು. ಕಾರ್ಖಾನೆಯಿಂದ ಚಿಟಿಕೆ ಕಪ್ಪು ಬಣ್ಣದ ಪುಡಿ ತಂದು ಯಾರಿಗೂ ಹೇಳದೆ ಬೆರೆಸಿದಳು. ಆ ಪುಡಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ ಎಂದು ಮೇಸ್ತ್ರಿ ಬಡಕೊಳ್ಳುತ್ತಿದ್ದುದು ಗೊತ್ತಿಲ್ಲದ್ದೇನಲ್ಲ. ಚಿಟಿಕೆಯಿಂದ ಏನಾದೀತು ಅಂದುಕೊಂಡಳು.

ಹುಡುಗಿಯ ಕೈಮೇಲೆ ಬಳ್ಳಿ ಕಡುಗಪ್ಪಾಗಿ ಕೂತಿತು. ಮನೆಯವರೆಲ್ಲ ಬಾಯಿತುಂಬ ಹೊಗಳಿದರು. ಮರುದಿನ ನೋಡಿದರೆ ಎಲೆ ಎಲೆಯೂ ಗುಳ್ಳೆಯೆದ್ದು, ಹುಡುಗಿ ಊದಿದ ಕೈ ಹಿಡಿದುಕೊಂಡು ಅಳುತ್ತ ಕೂತಿದ್ದಳು. ಅತ್ತೆ ನೇರ ತಿರುವಿಗೆ ಹೋಗಿ, ಎಂಥ ವಿಷ ಮಾರುತ್ತೀಯೆಂದು ಬೀದಿಗೆಲ್ಲ ಕೇಳುವ ಹಾಗೆ ಮುದುಕಿಯನ್ನು ಜಾಡಿಸಿದರು. ಸೊಸೆ ಅವರ ಬೆನ್ನ ಹಿಂದೆಯೇ ನಿಂತಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ, ಇದು ಬರೀ ಮದರಂಗಿಯಲ್ಲ, ಏನು ಬೆರೆಸಿದ್ದಾರೆಂದು ತಿಳಿದರೆ ಒಳ್ಳೆಯದು ಎಂದರು. ಅತ್ತೆ ಮತ್ತೆ ಮುದುಕಿಯನ್ನು ಬೈಯಲು ಶುರುಮಾಡಿದರು. ಆಗ ಸೊಸೆ ನೆಲ ನೋಡುತ್ತ ಅಂದಳು:

"ಅಜ್ಜೀದೇನೂ ತಪ್ಪಿಲ್ಲ ಅತ್ತೆ. ಬಟ್ಟೆ ಬಣ್ಣ ಹಾಕಿದ್ದು ನಾನು."

ಅತ್ತೆ ಮಗಳನ್ನು ತಮ್ಮ ಕಡೆಗೆ ಎಳೆದುಕೊಂಡರು, ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನಾದಿನಿ ಮಾತ್ರ, "ನನ್ನನ್ನ ಒಂದ್ಮಾತು ಕೇಳ್ಬಹುದಿತ್ತಲ್ಲ ಅತ್ತಿಗೆ" ಅಂದಳು.

ಮದುವೆಯೇನೋ ನಡೆಯಿತು. ಹುಡುಗಿ ಮುಲಾಮು ಹಚ್ಚಿದ ಕೈಗಳನ್ನು ಶಾಲಿನೊಳಗೇ ಇಟ್ಟುಕೊಂಡಿದ್ದಳು. ಶಾಲು ಎಷ್ಟು ಚೆನ್ನಾಗಿದೆ ಎಂದು ಯಾರಾದರೂ ಅಂದಾಗಲೆಲ್ಲ ಅತ್ತಿಗೆಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸುತ್ತಿತ್ತು.

ಅದಾದ ಮೇಲೆ ನೋಡಿದರೆ ತಿರುವಿನಲ್ಲಿ ಮುದುಕಿಯೇ ಇಲ್ಲ. ಕೊಳ್ಳುವವರಿಲ್ಲದೆ ಬರುವುದನ್ನೇ ಬಿಟ್ಟಿದ್ದಳು. ಇವಳು ಅವಳ ಕೋಣೆ ಹುಡುಕಿಕೊಂಡು ಹೋದಳು. ಅರೆಯುವ ಕಲ್ಲು ತೊಳೆದು ಗೋಡೆಗೆ ಒರಗಿಸಿಟ್ಟಿತ್ತು. ನಡೆದದ್ದನ್ನೆಲ್ಲ ಹೇಳಿ, ತಪ್ಪಾಯಿತು ಅಂದಳು. ಮುದುಕಿ ಪೂರ್ತಿ ಕೇಳಿಸಿಕೊಂಡಳು.

"ಬೈದಿದ್ದು ಬೀದೀಲಿ. ತಪ್ಪಾಯ್ತು ಅನ್ನೋದು ಕೋಣೇಲಾ ತಾಯಿ?"

ಅಂದು ಸಂಜೆ ಬೀದಿಯ ನಲ್ಲಿಗೆ ಹೆಂಗಸರೆಲ್ಲ ಸೇರಿದ್ದಾಗ ಅವಳೂ ಹೋದಳು. ತನ್ನ ಸರದಿ ಬಂದಾಗ ಕೊಡವನ್ನು ನಲ್ಲಿಯ ಕೆಳಗಿಟ್ಟು ವಿಷಯ ಹೇಳಿದಳು. ನೀರಿನ ಸದ್ದಿನಲ್ಲಿ ಅದು ಯಾರಿಗೂ ಸರಿಯಾಗಿ ಕೇಳಿಸಲಿಲ್ಲ; ಇನ್ನೊಮ್ಮೆ ಹೇಳಬೇಕಾಯಿತು. ಒಬ್ಬಳು ಕಿಸಕ್ಕನೆ ನಕ್ಕಳು. ಮತ್ತೊಬ್ಬಳು, ಅದೇ ಮತ್ತೆ, ಅಜ್ಜಿಯ ಮದರಂಗಿಯಿಂದ ನಮಗ್ಯಾರಿಗೂ ಏನೂ ಆಗಿರಲಿಲ್ಲವಲ್ಲ ಎಂದಳು. ಇವಳಿಗೆ ಅರೆ ತುಂಬಿದ ಕೊಡ ಎತ್ತಿಕೊಂಡು ಓಡಿಬಿಡಬೇಕು ಅನ್ನಿಸಿದರೂ, ತುಂಬುವವರೆಗೆ ಅಲ್ಲೇ ನಿಂತಳು.

ಕೆಲವು ದಿನಗಳಲ್ಲಿ ಮುದುಕಿ ತಿರುವಿಗೆ ಮರಳಿದಳು. ಕಾರ್ಖಾನೆಗೆ ಹೋಗುವಾಗ ಇವಳು ಎದುರಾದರೆ, ಹೋಗಿ ಬಾ ಎನ್ನುವ ಹಾಗೆ ಕೈಯಾಡಿಸುತ್ತಾಳೆ. ಇವಳಿಗೆ ಮಾತ್ರ ಇನ್ನೂ ತಲೆಯೆತ್ತಿ ಆ ಜಾಗ ದಾಟುವುದಕ್ಕೆ ಆಗಿಲ್ಲ.