ಮೊದಲ ಚೆಂಡು ಸಾಹುಕಾರರಿಗೆ

ದರೋಜಿಯ ಕರಡಿಧಾಮದಲ್ಲಿ, ಎತ್ತರದ ಗೋಪುರದ ಮೇಲೆ ನಿಂತು ದುರ್ಬೀನಿನಲ್ಲಿ ಕರಡಿ ನೋಡುವಾಗ, ಅದು ತೀರಾ ಹತ್ತಿರ ಕಂಡಿತೆಂದು ಹಿಂದೆ ಸರಿದು ಹೆಂಡತಿಯ ಕಾಲು ತುಳಿದವನು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆ ಕರಡಿ ಆಚೆ ಗುಡ್ಡದ ಬಂಡೆಗೆ ಸವರಿದ್ದ ಬೆಲ್ಲವನ್ನು ತನ್ನ ಪಾಡಿಗೆ ತಾನು ನೆಕ್ಕುತ್ತಿತ್ತು. ನನ್ನ ಮೇಲೆ ಅದಕ್ಕೆ ಯಾವ ದ್ವೇಷವೂ ಇರಲಿಲ್ಲ. ಆದರೆ ಹೆದರುವವನಿಗೆ ಎದುರಿನವರ ದ್ವೇಷ ಬೇಕೇ ಬೇಕೆಂದೇನೂ ಇಲ್ಲವಲ್ಲ. ನಾಯಿಗೆ ಹೆದರುತ್ತೇನೆ, ಟೆಲಿಫೋನು ಹೊತ್ತಲ್ಲದ ಹೊತ್ತಿನಲ್ಲಿ ಬಡಿದುಕೊಂಡರೆ ಹೆದರುತ್ತೇನೆ, ಪ್ರಿನ್ಸಿಪಾಲರು ನಗುತ್ತಾ ಕರೆದರೆ ಇನ್ನೂ ಹೆಚ್ಚು ಹೆದರುತ್ತೇನೆ. ಹೊಸಪೇಟೆಯ ಕಾಲೇಜಿನಲ್ಲಿ ಇತಿಹಾಸ ಹೇಳುವ ಕೆಲಸ ಹಿಡಿದದ್ದೂ ಅದಕ್ಕೇ ಇರಬೇಕು. ಅಲ್ಲಿ ಆಗಬಾರದ್ದೆಲ್ಲ ಆಗಿ ಮುಗಿದಿರುತ್ತದೆ.

ಇಂಥ ನಾನು ಕಾಲೇಜು ದಿನಗಳಲ್ಲಿ ವಾಲಿಬಾಲ್ ಆಡುತ್ತಿದ್ದೆ ಎಂದರೆ ವಿದ್ಯಾರ್ಥಿಗಳು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಆಡುತ್ತಿದ್ದದ್ದು ನಿಜ, ಆದರೆ ಲಿಫ್ಟರ್ ಆಗಿ. ಬಂದ ಚೆಂಡನ್ನು ನೆಟ್ಟಿನ ಹತ್ತಿರ ಬೆರಳ ತುದಿಯಲ್ಲಿ ಹಿಡಿದಂತೆ ಮಾಡಿ, ಹಿಡಿಯದೆ, ಹೊಡೆಯುವವರಿಗೆ ಎತ್ತಿಕೊಡುವವನು ಲಿಫ್ಟರ್. ಯಾರಿಗೆ ಕೊಡಬೇಕು ಎನ್ನುವುದು ಅವನೊಬ್ಬನ ನಿರ್ಧಾರ. ಹೊಡೆಯುವವನು ತಪ್ಪಿದರೆ ಇಡೀ ಊರಿಗೆ ಕಾಣುತ್ತದೆ, ಎತ್ತಿಕೊಡುವವನ ತಪ್ಪು ಬಲ್ಲವರಿಗಷ್ಟೇ ಕಾಣುತ್ತದೆ. ಆ ಲೆಕ್ಕಾಚಾರದಲ್ಲೇ ನಾನು ಆ ಜಾಗ ಆರಿಸಿಕೊಂಡಿದ್ದೆ.

ಇದು ಹೇಗೋ ನಮ್ಮ ಕಾಲೇಜಿನ ದೈಹಿಕ ಶಿಕ್ಷಣದ ಬಸವರಾಜರಿಗೆ ಗೊತ್ತಾಗಿಬಿಟ್ಟಿತ್ತು. ವಿಶ್ವವಿದ್ಯಾಲಯದ ಹುಡುಗಿಯರ ತಂಡಕ್ಕೆ ನಮ್ಮ ಭಾಗದಿಂದ ಒಬ್ಬ ಲಿಫ್ಟರ್ ಬೇಕಾಗಿತ್ತು. ಆರಿಸಲು ಮೂವರು: ಬಸವರಾಜರು, ಬಳ್ಳಾರಿಯಿಂದ ಬರುವ ಒಬ್ಬ ಹಿರಿಯ ಮೇಡಂ, ಮೂರನೆಯವನು ನಾನು. "ಬರ್ರಿ ಸರ್, ನಿಮಗ ಕೈ ಗೊತ್ತೈತಿ. ನಮ್ಮ ರೇಣುಕಾನ್ನ ಒಂದು ವಾರ ಸುಮ್ನ ನೋಡ್ರಿ, ಸಾಕು," ಎಂದರು. ಸುಮ್ಮನೆ ನೋಡುವುದರಲ್ಲಿ ಅಪಾಯವೇನಿದೆ ಎಂದುಕೊಂಡು ಒಪ್ಪಿದೆ.

ಅದು ಅದಿರಿನ ಕಾಲ. ಆ ವರ್ಷಗಳಲ್ಲಿ ನಮ್ಮ ಊರಿನಲ್ಲಿ ಬಿಳಿ ಎನ್ನುವ ಬಣ್ಣವೇ ಇರಲಿಲ್ಲ. ಸಂಡೂರಿನ ಕಡೆಯಿಂದ ಹಗಲೂ ರಾತ್ರಿ ಟಿಪ್ಪರುಗಳು ಇಳಿದು ಬರುತ್ತಿದ್ದವು. ಬೇವಿನ ಎಲೆ ಕೆಂಪು, ಎಮ್ಮೆ ಕೆಂಪು, ಒಣಹಾಕಿದ ಪಂಚೆ ಕೆಂಪು. ಕಾಲೇಜಿನ ಮೈದಾನ ಆ ರಸ್ತೆಗೇ ಅಂಟಿಕೊಂಡಿತ್ತು. ಆಟ ಶುರುವಾಗುವ ಮುಂಚೆ ಒಂದು ಟ್ಯಾಂಕರ್ ಬಂದು ನೀರು ಚಿಮುಕಿಸಿ ಹೋಗುತ್ತಿತ್ತು, ಇಲ್ಲದಿದ್ದರೆ ಚೆಂಡೇ ಕಾಣುತ್ತಿರಲಿಲ್ಲ. ಟ್ಯಾಂಕರ್ ಕಳಿಸುತ್ತಿದ್ದವರು ಅದಿರು ಸಾಗಿಸುವ ಗುತ್ತಿಗೆಯ ಸಾಹುಕಾರರು. ನೆಟ್ಟು ಅವರದು, ಕಂಬ ಅವರದು, ಚೆಂಡೂ ಅವರದೇ. ಅವರ ಮಗಳು ಪಲ್ಲವಿ ತಂಡದ ಎತ್ತರದ ಹುಡುಗಿ, ಎಡಗಡೆಯಿಂದ ಹೊಡೆಯುವವಳು. ಸಂಜೆ ಸಾಹುಕಾರರು ನೆಟ್ಟಿನ ಕಂಬದ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು. ನಮ್ಮ ಮೈದಾನಗಳಲ್ಲಿ ಒಂದು ಪದ್ಧತಿ ಇದೆ. ನೆಟ್ಟು, ಚೆಂಡು ಕೊಡಿಸಿದವರ ಕಡೆಯವರಿಗೆ ದಿನದ ಮೊದಲ ಚೆಂಡು ಎತ್ತಿಕೊಡಬೇಕು. ಅದೊಂದು ಮರ್ಯಾದೆ, ಮದುವೆಯ ಪಂಕ್ತಿಯಲ್ಲಿ ಮೊದಲ ಎಲೆ ಹಾಕಿದ ಹಾಗೆ. ಇಲ್ಲಿ ಆ ಮರ್ಯಾದೆ ಬೆಳೆದು ಎರಡನೆಯ ಚೆಂಡಿಗೂ, ಮೂರನೆಯದಕ್ಕೂ ಹಬ್ಬಿತ್ತು.

ನಮ್ಮ ಕಾಲೇಜು ತಂಡದ ಲಿಫ್ಟರ್ ರೇಣುಕಾಳ ಕೈಯ ವಿಷಯಕ್ಕೆ ಬರುತ್ತೇನೆ. ಒಳ್ಳೆಯ ಲಿಫ್ಟರನ್ನು ಕಣ್ಣು ಮುಚ್ಚಿ ಪರೀಕ್ಷಿಸಬೇಕು. ಕೆಟ್ಟ ಕೈಯಲ್ಲಿ ಚೆಂಡು ಟಪ್ ಎನ್ನುತ್ತದೆ, ಸಾಧಾರಣ ಕೈಯಲ್ಲಿ ಪಸಕ್ ಎನ್ನುತ್ತದೆ. ರೇಣುಕಾಳ ಕೈಯಲ್ಲಿ ಸದ್ದೇ ಇಲ್ಲ. ನಾನು ಕಣ್ಣು ಮುಚ್ಚಿ ಕೂತದ್ದನ್ನು ನೋಡಿ ಹುಡುಗಿಯರು ಮೇಷ್ಟ್ರು ನಿದ್ದೆ ಹೋದರೆಂದು ನಕ್ಕರು. ಕೈಗೆ ಪೂರ್ತಿ ಅಂಕ ಕೊಟ್ಟೆ. ಆಮೇಲೆ ಕಣ್ಣು ತೆರೆದೆ, ಅಲ್ಲಿಂದ ಕಷ್ಟ ಶುರುವಾಯಿತು. ಸದ್ದಿಲ್ಲದ ಆ ಚೆಂಡುಗಳೆಲ್ಲ ಒಂದಾದ ಮೇಲೊಂದು ಪಲ್ಲವಿಯ ಕಡೆಗೇ ಹೋಗುತ್ತಿದ್ದವು. ಬಲಗಡೆಯಲ್ಲಿ ಕಂಪ್ಲಿಯ ಮೆಹಬೂಬಿ ಎಂಬ ಚುರುಕು ಹುಡುಗಿ ಇದ್ದಳು. ಅವಳಿಗೆ ಚೆಂಡು ಬರುತ್ತಲೇ ಇರಲಿಲ್ಲ. ಎದುರಿನವರು ಕುರುಡರೇ? ಎರಡು ದಿನದಲ್ಲಿ ಅವರೂ ಪಲ್ಲವಿಯ ಮುಂದೆ ಜೋಡಿಯಾಗಿ ಕೈಯೆತ್ತಿ ನಿಲ್ಲತೊಡಗಿದರು.

ಬಸವರಾಜರನ್ನು ಕೇಳಿದೆ. ಅವರು ದನಿ ತಗ್ಗಿಸಿ, "ರೇಣುಕಾನ ಅಪ್ಪ ಸಾಹುಕಾರರ ಟಿಪ್ಪರ್ ಓಡಿಸ್ತಾನ್ರಿ," ಎಂದರು. ನನಗೆ ಎಲ್ಲ ಅರ್ಥವಾಯಿತು, ಅಥವಾ ಆಯಿತು ಎಂದುಕೊಂಡೆ. ಬೇರೆ ವಿಷಯಗಳಲ್ಲಿ ಹೇಗೋ, ಹೆದರಿಕೆಯ ವಿಷಯದಲ್ಲಿ ನಾನು ಪಂಡಿತ. ಈ ಹುಡುಗಿಯ ಕೈ ದೇವರು ಕೊಟ್ಟದ್ದು, ನಿರ್ಧಾರ ಸಾಹುಕಾರರದು ಎಂದು ತೀರ್ಮಾನಿಸಿದೆ. ಹೊರಗಿನ ತಂಡದಲ್ಲಿ ಇಂಥವಳು ಏನು ಮಾಡಿಯಾಳು? ಸಂಡೂರಿನ ಕಾಲೇಜಿನಲ್ಲಿ ಇನ್ನೊಬ್ಬ ಲಿಫ್ಟರ್ ಇದ್ದಳು. ಕೈ ಸಾಧಾರಣ, ಆದರೆ ಯಾರ ಮುಲಾಜೂ ಇಲ್ಲದೆ ಹಂಚುತ್ತಿದ್ದಳು. ಇರುವುದು ಒಂದೇ ಜಾಗ. ರೇಣುಕಾಗೆ ಅದು ಸಿಕ್ಕರೆ ಮುಂದೆ ದೈಹಿಕ ಶಿಕ್ಷಣದ ಕೋರ್ಸಿಗೆ ಸೀಟು ಸಿಗುತ್ತದೆ. ಸಿಗದಿದ್ದರೆ ಪರೀಕ್ಷೆ ಮುಗಿದ ದಿನವೇ ಆ ಕೈಗಳ ಆಟವೂ ಮುಗಿಯುತ್ತದೆ. ಮುಗಿಸುವವರಲ್ಲಿ ನಾನೂ ಒಬ್ಬನಾಗುತ್ತೇನೆ ಎಂದು ಆಗ ಹೊಳೆಯಿತು.

ಅದೇ ಸಂಜೆ ಸಾಹುಕಾರರು ನನ್ನನ್ನು ಕರೆದು, ಬಹಳ ಮೆತ್ತಗೆ, "ಮೇಷ್ಟ್ರೇ, ನಿಮ್ಮ ಮನಿ ಕಡ್ಡಿರಾಂಪುರದಾಗ ಅಲ್ಲೇನ್ರಿ? ಕತ್ತಲಾಗೋದ್ರೊಳಗ ಹೋಗಿಬಿಡ್ರಿ. ರೋಡು ಚೊಲೊ ಇಲ್ಲ," ಎಂದರು. ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದೆ. "ಎಷ್ಟು ಕಾಳಜಿ ನೋಡ್ರಿ," ಎಂದಳು ಅವಳು. ನಾನು ಎದ್ದು ಬಾಗಿಲ ಚಿಲಕ ಇನ್ನೊಮ್ಮೆ ನೋಡಿ ಬಂದೆ. ಆ ಕಾಲದ ದೊಡ್ಡ ತೊಂದರೆಯೇ ಅದು. ದೊಡ್ಡವರು ಹೇಳಿದ್ದು ಕಾಳಜಿಯೋ ಎಚ್ಚರಿಕೆಯೋ ತಿಳಿಯುತ್ತಿರಲಿಲ್ಲ. ಬಹುಶಃ ಹೇಳಿದವರಿಗೂ ತಿಳಿಯುತ್ತಿರಲಿಲ್ಲ.

ಆಯ್ಕೆಯ ಪಂದ್ಯ ಟಿ.ಬಿ. ಡ್ಯಾಮಿನ ಮೈದಾನದಲ್ಲಿ, ಸಂಡೂರಿನವರ ವಿರುದ್ಧ. ಸಾಹುಕಾರರ ಕುರ್ಚಿ ಅವರಿಗಿಂತ ಮುಂಚೆಯೇ ಅಲ್ಲಿಗೆ ಬಂದಿತ್ತು. ಮೊದಲ ಚೆಂಡು ಪದ್ಧತಿಯಂತೆ ಪಲ್ಲವಿಗೆ ಹೋಯಿತು. ಆಮೇಲಿನವೂ ಅಲ್ಲಿಗೇ ಹೋದವು. ಹುಡುಗಿ ಹೊಡೆದಳು, ಹೊಡೆದಳು, ಹೊಡೆಯುತ್ತಲೇ ಇದ್ದಳು. ಪಂದ್ಯ ಕೊನೆಯ ಸೆಟ್ಟಿಗೆ ಬಂತು, ಸೆಟ್ಟು ಸಮಸಮವಾಗಿ ಕೊನೆ ಮುಟ್ಟಿ ನಾವು ಒಂದು ಅಂಕ ಹಿಂದೆ ಬಿದ್ದೆವು. ಇದೊಂದು ಚೆಂಡು ಕಳೆದುಕೊಂಡರೆ ಸೋಲು. ಚೆಂಡು ರೇಣುಕಾಳ ತಲೆಯ ಮೇಲೆ ಬಂತು. ಪಲ್ಲವಿಯ ಮುಂದೆ ಇಬ್ಬರು ಗೋಡೆ ಕಟ್ಟಿ ನಿಂತಿದ್ದರು. ಸಾಹುಕಾರರು ಕುರ್ಚಿಯಿಂದ ಎದ್ದು, "ಪಲ್ಲವಿಗಿ ಹಾಕಲೇ!" ಎಂದು ಕೂಗಿದರು. ರೇಣುಕಾಳ ಮುಖ ಪಲ್ಲವಿಯ ಕಡೆಗೇ ಇತ್ತು. ಬೆನ್ನು ಒಂದಿಷ್ಟು ಬಾಗಿತು ಅಷ್ಟೆ. ಚೆಂಡು ಸದ್ದಿಲ್ಲದೆ ಅವಳ ತಲೆಯ ಹಿಂದಕ್ಕೆ ಹೋಯಿತು, ಬಲಗಡೆಗೆ, ಎದುರಿಗೆ ಒಬ್ಬರೂ ಕಾವಲಿಲ್ಲದ ಕಡೆಗೆ. ನನ್ನ ಆಯುಷ್ಯದಲ್ಲಿ ಅಷ್ಟು ಚೆಂದವಾಗಿ ಹಿಂದಕ್ಕೆ ಎತ್ತಿದ್ದನ್ನು ನಾನು ನೋಡಿಲ್ಲ.

ಅಲ್ಲಿ ಮೆಹಬೂಬಿ ಇರಲಿಲ್ಲ.

ಚೆಂಡು ರೇಣುಕಾಳ ಕೈ ಸೇರಿತೆಂದರೆ ಅದು ಪಲ್ಲವಿಗೇ ಎಂಬುದು ತಂಡಕ್ಕೆ ಎಷ್ಟು ರೂಢಿಯಾಗಿತ್ತೆಂದರೆ, ಉಳಿದವರೆಲ್ಲ ಪಲ್ಲವಿಯ ಹಿಂದೆ ಓಡಿ, ಅವಳ ಹೊಡೆತ ಮರಳಿ ಬಂದರೆ ಹಿಡಿಯಲು ಬಗ್ಗಿ ನಿಲ್ಲುತ್ತಿದ್ದರು. ಮೆಹಬೂಬಿಯೂ ಅಂದು ಹಾಗೇ ಓಡಿದ್ದಳು. ಚೆಂಡು ಖಾಲಿ ಜಾಗದಲ್ಲಿ ಮೆತ್ತಗೆ ಇಳಿದು ಒಂದು ಹಿಡಿ ಕೆಂಪು ಧೂಳು ಎಬ್ಬಿಸಿ ನಿಂತುಕೊಂಡಿತು. ಪಂದ್ಯ ಸೋತೆವು.

ಮೈದಾನದಿಂದ ಆಚೆಯ ಹುಣಸೆಮರದ ಕಡೆಗೆ, ತೀರ್ಮಾನ ಹೇಳಬೇಕಾದ ಜಾಗಕ್ಕೆ, ನಡೆಯುತ್ತಾ ನನಗೆ ನನ್ನ ಪಾಠವೇ ನೆನಪಾಯಿತು. ಪ್ರತಿವರ್ಷ ಹುಡುಗರನ್ನು ಹಂಪಿಗೆ ಕರೆದುಕೊಂಡು ಹೋಗುತ್ತೇನೆ. ಮುರಿದ ಮಂಟಪದ ಮುಂದೆ ನಿಂತು ಅವರು, "ಆ ಯುದ್ಧ ಯಾಕ ಸೋತ್ರು ಸರ್?" ಎಂದು ಕೇಳುತ್ತಾರೆ. ನಾನು ಕಾರಣಗಳನ್ನು ಪಟಪಟ ಒಪ್ಪಿಸುತ್ತೇನೆ: ರಾಜ್ಯ ಆಳುವವನೇ ಮುದಿವಯಸ್ಸಿನಲ್ಲಿ ರಣರಂಗಕ್ಕೆ ಹೋದದ್ದು, ಅತಿಯಾದ ಆತ್ಮವಿಶ್ವಾಸ, ಹೀಗೆ. ಗೆದ್ದಿದ್ದರೆ ಅವೇ ಕಾರಣಗಳನ್ನು ಗೆಲುವಿಗೆ ಹೇಳುತ್ತಿದ್ದೆ: ಆ ವಯಸ್ಸಿನಲ್ಲೂ ರಣರಂಗಕ್ಕೆ ಹೋದ ಧೈರ್ಯ, ಕುಗ್ಗದ ಆತ್ಮವಿಶ್ವಾಸ. ಬಿದ್ದ ಕಲ್ಲು ನೋಡಿ ಬುದ್ಧಿ ಅಳೆಯುವುದು ನಮ್ಮ ಕಸುಬು. ಇವತ್ತು ಬಿದ್ದ ಚೆಂಡು ನೋಡಿ ಅಳೆದರೆ ನನ್ನನ್ನು ಕೇಳುವವರು ಯಾರೂ ಇರಲಿಲ್ಲ, ಸುಖವಾಗಿ ಮನೆಗೆ ಹೋಗಬಹುದಿತ್ತು. ಹೋಗಬೇಕೆಂದು ಬಹಳ ಅನ್ನಿಸಿತು.

ಮರದ ಕೆಳಗೆ ಬಳ್ಳಾರಿಯ ಮೇಡಂ ರೇಣುಕಾಳನ್ನು ಕರೆಸಿ, "ಯಾರೂ ಇಲ್ಲದ ಕಡಿ ಹಾಕಿದೆಲ್ಲವ್ವಾ, ನೋಡಬಾರದಾ?" ಎಂದರು. ಸಾಹುಕಾರರೂ ಅಲ್ಲಿಗೇ ಬಂದು ನಿಂತಿದ್ದರು. ರೇಣುಕಾ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಹಿಂದಕ ಎತ್ತುವಾಗ ನೋಡಾಕ ಬರಂಗಿಲ್ರಿ ಮೇಡಂ. ಆಕಿ ಅಲ್ಲೇ ಇರ್ತಾಳಂತ ನಂಬಿ ಎತ್ತೋದ."

ನಾನು ತಡೆಯಲಾರದೆ ಕೇಳಿದೆ: "ಅಂಜಿಕೆ ಆಗಲಿಲ್ಲವಾ?"

"ಆತ್ರಿ ಸರ್, ಭಾಳ ಆತು. ಸಾಹುಕಾರ್ರು ಎದ್ದು ನಿಂತಿದ್ರಲ್ರಿ, ಅಪ್ಪನ ಗಾಡಿ ಕಣ್ಮುಂದ ಬಂತು. ಆದ್ರ ಆ ಇಬ್ರೂ ಕೈಯೆತ್ತಿ ನಿಂತಿದ್ರಲ್ರಿ. ಪಲ್ಲವಿಗಿ ಕೊಟ್ಟಿದ್ರ ಚೆಂಡು ತಿರುಗಿ ಆಕಿ ಮುಖಕ್ಕ ಬಡೀತಿತ್ತು."

ಇಷ್ಟು ದಿನ ನಾನು ಪಂಡಿತನೆಂದುಕೊಂಡಿದ್ದೆನಲ್ಲ, ಆ ಪಾಂಡಿತ್ಯ ಅಲ್ಲಿಗೆ ಇಳಿಯಿತು. ಹೆದರಿದವರಿಗೆ ಕಣ್ಣು ಕಾಣುವುದಿಲ್ಲ ಎಂದು ನನ್ನ ಮೇಲಿಂದಲೇ ಅಳೆದಿದ್ದೆ. ಈ ಹುಡುಗಿಗೆ ನನ್ನಷ್ಟೇ ಹೆದರಿಕೆ ಇತ್ತು, ಜೊತೆಗೆ ಎಲ್ಲವೂ ಕಾಣುತ್ತಲೂ ಇತ್ತು.

"ನನ್ನ ಮತ ರೇಣುಕಾಗೆ," ಎಂದೆ. ಆ ದನಿ ನನ್ನದೆಂದು ನನಗೇ ಗುರುತು ಸಿಗಲಿಲ್ಲ. ಹಾಗೇ ಹಿಂದೆ ಸರಿದು ಮರಕ್ಕೆ ಒರಗಿಕೊಂಡೆ.

"ಪಾಯಿಂಟ್ ಹೋತಲ್ರಿ ಮೇಷ್ಟ್ರೇ?" ಎಂದರು ಸಾಹುಕಾರರು, ಅದೇ ಮೆತ್ತನೆಯ ದನಿಯಲ್ಲಿ.

"ಹೋಯಿತು ಸಾಹುಕಾರರೇ. ಚೆಂಡು ಎಲ್ಲಿ ಬೀಳಬೇಕಿತ್ತೋ ಅಲ್ಲೇ ಬಿತ್ತು. ನಮ್ಮವರೇ ಅಲ್ಲಿರಲಿಲ್ಲ."

ಸಾಹುಕಾರರು ಮಗಳ ಕಡೆಗೆ ತಿರುಗಿ, "ನೀ ಹೇಳು, ನಿನಗ ಕೊಟ್ಟಿದ್ರ ಹೊಡೀತಿದ್ದಿಲ್ಲೇನು?" ಎಂದರು. ಪಲ್ಲವಿ ಬಲಭುಜವನ್ನು ಎಡಗೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ತಲೆಯೆತ್ತದೆ ಹೇಳಿದಳು: "ಎರಡು ತಿಂಗಳಾತಪ್ಪಾ, ಕೈ ಮ್ಯಾಲೆ ಎತ್ತಿದ್ರ ಭುಜ ಕಿತ್ತು ಬಂದಂಗ ಆಗ್ತೈತಿ. ಬಂದ ಚೆಂಡೆಲ್ಲಾ ನನಗ. ನಿಮಗ ಹೇಳಾಕ ಅಂಜಿಕಿ."

ಆಗ ಸಾಹುಕಾರರ ಮುಖ ನೋಡಿದೆ. ಅಷ್ಟು ದೊಡ್ಡ ಮನುಷ್ಯ, ಮಗಳ ಭುಜ ಮುಟ್ಟಲೋ ಬೇಡವೋ ಎಂದು ಕೈ ಚಾಚಿ ಹಿಂದಕ್ಕೆ ತೆಗೆದುಕೊಂಡರು. ಆ ಅನುಮಾನದ ಕೈಯನ್ನು ನಾನು ಬಲ್ಲೆ. ಆಮೇಲೆ ಅವರು ಮಗಳನ್ನು ಕರೆದುಕೊಂಡು ಹೊರಟುಹೋದರು. ಕುರ್ಚಿ ಅಲ್ಲೇ ಉಳಿಯಿತು. ಬಳ್ಳಾರಿಯ ಮೇಡಂ, "ಕೈ ಒಳ್ಳೇದೈತಿ, ತಲಿನೂ ಐತಿ. ನನಗ ಒಪ್ಪಿಗಿ," ಎಂದರು. ಬಸವರಾಜರು ಎರಡು ಸಲ ತಲೆಯಾಡಿಸಿದರು. ರೇಣುಕಾ ತಂಡ ಸೇರಿದಳು.

ಕತೆ ಇಲ್ಲಿಗೆ ಮುಗಿದರೆ ನಾನು ಧೈರ್ಯವಂತನಾದೆ ಎಂದು ನೀವು ತಿಳಿದುಕೊಳ್ಳುವ ಅಪಾಯವಿದೆ. ಹಾಗೇನೂ ಆಗಲಿಲ್ಲ. ಮರುದಿನ ಟ್ಯಾಂಕರ್ ಬರಲಿಲ್ಲ, ಆಮೇಲೂ ಬರಲಿಲ್ಲ. ಅದು ಕೋಪವೋ, ಮಗಳ ಭುಜದ ಚಿಂತೆಯಲ್ಲಿ ಮರೆತದ್ದೋ, ಇಂದಿಗೂ ಗೊತ್ತಿಲ್ಲ. ಪ್ರತಿ ಸಂಜೆ ನಾನು ರೇಣುಕಾಳನ್ನು, "ಅಪ್ಪನ ಗಾಡಿ ನಡೀತದೇನವ್ವಾ?" ಎಂದು ಕೇಳುತ್ತಿದ್ದೆ. "ನಡೀತದ್ರಿ ಸರ್," ಎನ್ನುತ್ತಿದ್ದಳು. ನಡೆಯುತ್ತದೆ ಎಂದು ಕೇಳಿದ ಮೇಲೆ ನಾಳೆಯ ಹೆದರಿಕೆ ಶುರುವಾಗುತ್ತಿತ್ತು. ಕೆಟ್ಟದ್ದೇನೂ ಆಗದೆ ದಿನಗಳು ಹೋದವು, ಒಂದು ದಿನವೂ ನಾನು ನಿರಾಳವಾಗಲಿಲ್ಲ.

ಹುಡುಗಿಯರು ಬಕೆಟ್ಟಿನಲ್ಲಿ ನೀರು ತಂದು ತಾವೇ ಚಿಮುಕಿಸಿ ಆಡತೊಡಗಿದರು. ಹಾಗೆ ಶುರುಮಾಡಿದ ಮೊದಲ ಸಂಜೆ, ಆಟಕ್ಕೆ ಮುಂಚೆ, ಮೆಹಬೂಬಿ ಕೈಯಲ್ಲಿ ಖಾಲಿ ಬಕೆಟ್ಟು ಹಿಡಿದುಕೊಂಡು ನನ್ನ ಹತ್ತಿರ ಬಂದಳು. ಪಂದ್ಯ ಸೋತ ದಿನದಿಂದ ಅವಳು ಯಾರ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ. ಏನೋ ದೊಡ್ಡ ಅನುಮತಿ ಕೇಳುವವಳ ಹಾಗೆ ಬಲಗಡೆಯ ಆ ಜಾಗ ತೋರಿಸಿ ಕೇಳಿದಳು:

"ಸರ್, ಇನ್ನ ಮ್ಯಾಲೆ ನಾ ಅಲ್ಲೇ ನಿಂದರ್ಲೇನ್ರಿ?"